ರಾಹುತರ ಬಿರುದು, ಸಂಡೂರಿನ ಸಂಸ್ಥಾನ

ಸಂಡೂರಿನ ಘೋರ್ಪಡೆ ಅರಸರ ಹೆಸರಿನ ಜೊತೆಗೆ ಹಿಂದೂರಾವ್, ಮಮಲಕತ್‌ಮದಾರ್, ಸೇನಾಪತಿ ಎಂಬ ಬಿರುದುಗಳು ಸಾಲಾಗಿ ಬರುತ್ತಿದ್ದವು. ಇವನ್ನು ಅರಮನೆಯ ಆಡಂಬರ ಎಂದುಕೊಂಡರೆ ಸಂಸ್ಥಾನ ಹುಟ್ಟಿದ ಬಗೆಯೇ ಮರೆಯಾಗುತ್ತದೆ. ಮೂಲದಲ್ಲಿ ಇವು ಕುದುರೆ ಏರಿ ಕಾದಿದವರು ಯುದ್ಧದಲ್ಲಿ ಗಳಿಸಿದ ಗೌರವಗಳು. 1689ರಲ್ಲಿ ಔರಂಗಜೇಬ ಮರಾಠಾ ದೊರೆ ಸಂಭಾಜಿಯನ್ನು ಕೊಲ್ಲಿಸಿದ. ರಾಜಧಾನಿ ರಾಯಗಡವೂ ಮೊಗಲರ ಪಾಲಾಯಿತು. ಸಂಭಾಜಿಯ ತಮ್ಮ ರಾಜಾರಾಮ ದೂರದ ಸೆಂಜಿ ಕೋಟೆ ಸೇರಿಕೊಂಡ. ಬೊಕ್ಕಸ ಬರಿದಾಗಿದ್ದ ಆ ದೊರೆ ಶೂರರಿಗೆ ಕೊಡಬಹುದಾಗಿದ್ದುದು ಬಿರುದು ಮತ್ತು ಇನ್ನೂ ಗೆಲ್ಲಬೇಕಿದ್ದ ನೆಲದ ಮೇಲಿನ ಹಕ್ಕು, ಇಷ್ಟೇ. ಘೋರ್ಪಡೆ ಸೋದರರಲ್ಲಿ ಸಂತಾಜಿ ಮಮಲಕತ್‌ಮದಾರ್ ಆದ, ಬಹಿರ್ಜಿ ಹಿಂದೂರಾವ್ ಆದ. ಸಂಡೂರಿನ ಮನೆತನ ಈ ಬಹಿರ್ಜಿಯದು.

ಬಾದಶಹನ ಪಾಳೆಯಕ್ಕೇ ನುಗ್ಗಿ, ಡೇರೆಯ ಹಗ್ಗ ಕತ್ತರಿಸಿ, ಚಿನ್ನದ ಕಳಸಗಳನ್ನು ಹೊತ್ತುತಂದದ್ದಕ್ಕೆ ಈ ಬಿರುದುಗಳು ಸಂದವು ಎನ್ನುತ್ತವೆ ಬಖರ್ ಎಂಬ ಮರಾಠಿ ಚರಿತ್ರೆಗಳು. ಅವು ಎಷ್ಟೋ ಕಾಲದ ಮೇಲೆ, ಹೊಗಳಲೆಂದೇ ಬರೆದವು, ನಂಬುವುದು ಹೇಗೆ ಎಂಬ ಆಕ್ಷೇಪ ಸರಿಯಾದದ್ದೇ. ಕಳಸದ ಕಥೆಯನ್ನು ಬದಿಗಿಡೋಣ. ಆದರೆ ಈ ಸವಾರರ ಕಸುವಿಗೆ ಶತ್ರುಪಕ್ಷದವರೇ ಸಾಕ್ಷಿ ನುಡಿದಿದ್ದಾರೆ. 1695ರಲ್ಲಿ ಸಂತಾಜಿ ಮೊಗಲ್ ಸೇನಾನಿ ಕಾಸಿಂ ಖಾನನನ್ನು ಚಳ್ಳಕೆರೆ ಸೀಮೆಯ ದೊಡ್ಡೇರಿಯ ಪುಟ್ಟ ಕೋಟೆಯಲ್ಲಿ ಕೂಡಿಹಾಕಿದ. ಮೊದಲ ದಿನ ಉಗ್ರಾಣದ ಜೋಳ, ಸಜ್ಜೆಯ ರೊಟ್ಟಿ ಹಂಚಿದರು. ದನ ಕುದುರೆಗಳಿಗೆ ಸೂರಿನ ಹುಲ್ಲನ್ನೇ ಕಿತ್ತು ಹಾಕಿದರು. ಮರುದಿನ ಅದೂ ಇಲ್ಲ. ಕಾಸಿಂ ಖಾನ್ ಅಲ್ಲೇ ಸತ್ತ. ಇದನ್ನು ದಾಖಲಿಸಿದವರು ಮೊಗಲರ ಕಡೆಯ ಬರಹಗಾರರು. ಸಂತಾಜಿಯನ್ನು ಹೊಗಳುವ ಋಣ ಅವರಿಗೇನೂ ಇರಲಿಲ್ಲ. ಆ ಗೆಲುವಿನಲ್ಲಿ ಚಿತ್ರದುರ್ಗದ ಬೇಡ ನಾಯಕ ಭರಮಣ್ಣನ ಕೈಯೂ ಇತ್ತು ಎಂಬುದನ್ನು ಕನ್ನಡಿಗರು ನೆನಪಿಡಲೇಬೇಕು.

ಏಕೆಂದರೆ 1728ರಲ್ಲಿ ಬಹಿರ್ಜಿಯ ಮಗ ಸಿದ್ದೋಜಿ ಸಂಡೂರಿನ ಕಣಿವೆಯನ್ನು ಕಿತ್ತುಕೊಂಡದ್ದು ಒಬ್ಬ ಬೇಡ ಪಾಳೆಯಗಾರನಿಂದಲೇ. ಸೆಂಜಿಯಲ್ಲಿ ಬರಿಮಾತಾಗಿದ್ದ ಗೌರವಕ್ಕೆ ನೆಲ ಸಿಕ್ಕಿದ್ದು ಹೀಗೆ. ಅಜ್ಜನ ಶೌರ್ಯದ ಫಲವನ್ನು ಮೊಮ್ಮಕ್ಕಳು ಕೂತು ಉಂಡರು ಎನ್ನುವವರಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. ಸಿದ್ದೋಜಿಯ ಮಗ, ಗುತ್ತಿಯ ಮುರಾರಿರಾವ್, ಹೈದರನಿಗೆ ಸೆರೆಸಿಕ್ಕು ಕಬ್ಬಾಳದುರ್ಗದಲ್ಲಿ ಸತ್ತ. ಸಂಡೂರಿನಿಂದ ಟಿಪ್ಪುವಿನ ಪಡೆಯನ್ನು ಓಡಿಸಲು ಹೋದ ಅದೇ ಮನೆತನದ ಶಿವರಾವ್ 1785ರಲ್ಲಿ ಮಡಿದ. ಬಿರುದನ್ನು ಉಳಿಸಿಕೊಳ್ಳಲು ಈ ಮನೆತನ ಮತ್ತೆ ಮತ್ತೆ ತಲೆ ತೆತ್ತಿದೆ. ಆ ಶೌರ್ಯಕ್ಕೆ ಗೌರವ ಸಲ್ಲಲೇಬೇಕು. ಆದರೆ 1949ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೂ ಹಿಂದೂರಾವ್ ಹೆಸರಿನಲ್ಲಿ ಬಾಳಿದ ಈ ಸಂಸ್ಥಾನದ ಚರಿತ್ರೆಯನ್ನು ಬರೆಯುವಾಗ, ಮೊದಲ ಅಧ್ಯಾಯ ಕಣಿವೆ ಕಳೆದುಕೊಂಡ ಆ ಬೇಡ ಪಾಳೆಯಗಾರನಿಗೆ ಸಲ್ಲಬೇಕು.