ತುಕ್ಕು ಮೂಡಿಸುವ ಚಿತ್ತಾರ

ತೊಂಡೇಬಾವಿ ನಿಲ್ದಾಣದಲ್ಲಿ ರೈಲುಹಳಿಗಳನ್ನು ಗಮನಿಸಿದ್ದೀರಾ? ಚಕ್ರ ಉಜ್ಜುವ ಮೇಲ್ಭಾಗ ಹೊಳೆಯುತ್ತದೆ. ಪಕ್ಕಗಳು ಮಾತ್ರ ಕಂದುಗೆಂಪು. ಅದೇ ತುಕ್ಕು. ಅಂಗಿಗೆ ತಗುಲಿದರೆ ಸಾಬೂನಿಗೂ ಜಗ್ಗದ ಈ ಕಲೆಯನ್ನೇ ಬಣ್ಣವಾಗಿ ಬಳಸಬಹುದು.

ಹಳಿಯ ಸಾಮಾನು ಮುಟ್ಟಬೇಡಿ. ಗುಜರಿ ಅಂಗಡಿಯ ತುಕ್ಕು ಹಿಡಿದ ಮೊಳೆ, ಬೋಲ್ಟುಗಳು ಸಾಕು. ಕೈಗವಸು ಧರಿಸಿ. ಬಿಳಿ ಹತ್ತಿಬಟ್ಟೆಯನ್ನು ಸಮಪಾಲು ನೀರು ಮತ್ತು ವಿನೆಗರ್‌ನಲ್ಲಿ ನೆನೆಸಿ, ಹಿಂಡಿ, ಮೊಳೆಗಳನ್ನು ಅದರಲ್ಲಿ ಸುತ್ತಿ ಒಂದು ದಿನ ಒದ್ದೆಯಾಗಿಯೇ ಇಡಿ.

ಆಗುವುದೇನು? ವಿನೆಗರ್‌ನ ಅಸಿಟಿಕ್ ಆಮ್ಲ ಕಬ್ಬಿಣವನ್ನು ಕರಗಿಸಿ ನೂಲಿನೊಳಕ್ಕೆ ಒಯ್ಯುತ್ತದೆ. ಅಲ್ಲಿ ಗಾಳಿಯ ಆಮ್ಲಜನಕ ಸೇರಿ, ನೀರಿನಲ್ಲಿ ಕರಗದ ಆಕ್ಸೈಡ್ ಆಗಿ ಎಳೆಗಳಲ್ಲೇ ಉಳಿಯುತ್ತದೆ.

ಇನ್ನೊಂದು ತುಂಡನ್ನು ಮೊದಲು ಅಳಲೆಕಾಯಿ ಕಷಾಯದಲ್ಲಿ ಅದ್ದಿ ಒಣಗಿಸಿ ನೋಡಿ. ಕಾಯಿಯ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ನೆರೆಯ ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿಯ ಕಪ್ಪು ಗೆರೆ ಮೂಡುವುದೂ ಹೀಗೆಯೇ. ಅಲ್ಲಿ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಯಿಸುತ್ತಾರೆ.

ಒಂದು ಎಚ್ಚರಿಕೆ. ಬಣ್ಣ ಕೊಡುವ ಕಬ್ಬಿಣವೇ ನೂಲನ್ನೂ ಸವೆಸುತ್ತದೆ. ಕೆಲಸ ಮುಗಿದೊಡನೆ ಬಟ್ಟೆಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಚೆನ್ನಾಗಿ ತೊಳೆಯಿರಿ. ಒಂದು ತುಂಡನ್ನು ಹಾಗೆ ತೊಳೆದು, ಇನ್ನೊಂದನ್ನು ತೊಳೆಯದೆ ಎತ್ತಿಡಿ. ಕೆಲವು ತಿಂಗಳ ನಂತರ ಎರಡನ್ನೂ ಎಳೆದು ನೋಡಿ. ಯಾವುದು ಮೊದಲು ಹರಿಯಿತು? ಬರೆದಿಟ್ಟುಕೊಳ್ಳಿ.