ಒಡೆದ ಸಭೆಗಳು ಒಂದಾದ ದಿನ

ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾಗುವುದು ಲೋಕರೂಢಿ. ಆದರೆ ದೂರದೇಶದವರ ಜಗಳವನ್ನು ಪಿತ್ರಾರ್ಜಿತವೆಂಬಂತೆ ಹೊತ್ತು ಬೇರೆಯಾಗಿ ಬಾಳುವುದು ವಿಚಿತ್ರವಲ್ಲವೆ? ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಕ್ರೈಸ್ತರ ಪಾಡು ಬಹುಕಾಲ ಹೀಗೆಯೇ ಇದ್ದಿತು.

ಇಂಗ್ಲೆಂಡಿನ ಅರಸನು 1534ರಲ್ಲಿ ರೋಮಿನೊಡನೆ ಸಂಬಂಧ ಕಡಿದುಕೊಂಡುದರಿಂದ ಆಂಗ್ಲಿಕನ್ ಸಭೆ ಬೇರೆಯಾಯಿತು. 18ನೆಯ ಶತಮಾನದಲ್ಲಿ ಅದರೊಳಗಿಂದ ಮೆಥಡಿಸ್ಟ್ ಪಂಥ ಹುಟ್ಟಿತು. ಬಿಷಪರ ಆಡಳಿತವನ್ನೇ ಒಲ್ಲದ ಪ್ರೆಸ್ಬಿಟೇರಿಯನರೂ ಕಾಂಗ್ರಿಗೇಷನಲಿಸ್ಟರೂ ಮತ್ತೊಂದು ಕಡೆ. ಮಿಷನರಿಗಳೊಡನೆ ಈ ಒಡಕುಗಳೂ ಹಡಗನ್ನೇರಿ ಬಂದುವು. ಯಾವ ಊರಿಗೆ ಯಾವ ಮಿಷನ್ ಮೊದಲು ಬಂದಿತೋ, ಆ ಊರಿನ ಕ್ರೈಸ್ತನು ಆ ಪಂಥದವನಾದನು.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಕೆಲವು ಸಭಾಪಾಲಕರು ಕಲೆತರು. ಬಹುಮಟ್ಟಿಗೆ ಎಲ್ಲರೂ ಭಾರತೀಯರು. ಈ ಒಡಕು ತಾವು ಮಾಡಿದ್ದಲ್ಲ, ಹೊರಗಿನಿಂದ ಬಂದದ್ದು ಎಂಬುದು ಅವರ ಹೇಳಿಕೆಯ ಸಾರ. 1912ರಲ್ಲಿ ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪರಾಗಿದ್ದ ವಿ. ಎಸ್. ಅಜರಯ್ಯನವರು ಅವರಲ್ಲಿ ಪ್ರಮುಖರು.

ಸಂಧಾನಕ್ಕೆ ಹಿಡಿದದ್ದು 28 ವರ್ಷ. ಬಿಷಪರು ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡದವನು ನಿಜವಾದ ಗುರುವೆ ಎಂಬುದೇ ಬಿಡಿಸಲಾರದ ಗಂಟು. ಹೌದೆಂದರೆ ಆಂಗ್ಲಿಕನರ ಪರಂಪರೆಗೆ ಭಂಗ. ಅಲ್ಲವೆಂದರೆ ಜೀವಮಾನವಿಡೀ ಸೇವೆ ಮಾಡಿದ ಉಳಿದ ಗುರುಗಳಿಗೆ ಅವಮಾನ. ಕೊನೆಗೆ, ಮುಂದಿನ ದೀಕ್ಷೆಗಳೆಲ್ಲವೂ ಬಿಷಪರಿಂದಲೇ ಆಗಬೇಕು, ಈಗಾಗಲೇ ದೀಕ್ಷೆ ಪಡೆದವರು ಮತ್ತೆ ಪಡೆಯಬೇಕಾಗಿಲ್ಲ ಎಂದು ಒಪ್ಪಂದವಾಯಿತು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಗುರುವನ್ನು ಹೇರುವುದಿಲ್ಲವೆಂಬ ಭಾಷೆಯೂ ಸೇರಿತು.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕತೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆಯ ಉದ್ಘಾಟನೆಯಾಯಿತು. ದೇಶ ಇಬ್ಭಾಗವಾಗಿ ಆಗ ಆರೇ ವಾರ! ಅಜರಯ್ಯನವರು ಮಾತ್ರ ಅಲ್ಲಿರಲಿಲ್ಲ. 1945ರ ಜನವರಿ 1ರಂದೇ ಅವರು ತೀರಿಕೊಂಡಿದ್ದರು. ಕನ್ನಡ ನಾಡಿನ ವೆಸ್ಲಿಯನ್ ಹಾಗೂ ಲಂಡನ್ ಮಿಷನ್ನಿನ ಸಭೆಗಳೂ ಈ ಐಕ್ಯದಲ್ಲಿ ಸೇರಿದುವು. ಬೆಂಗಳೂರಿಗೆ ಇದು ತೀರ ಹೊಸದೇನಲ್ಲ. 1910ರಲ್ಲಿ ಸ್ಥಾಪಿತವಾದ ಐಕ್ಯ ದೇವಶಾಸ್ತ್ರ ಕಾಲೇಜಿನಲ್ಲಿ ಬೇರೆ ಬೇರೆ ಪಂಥದ ವಿದ್ಯಾರ್ಥಿಗಳು ಅದಾಗಲೇ ಒಂದೇ ಸೂರಿನಡಿ ಓದುತ್ತಿದ್ದರು.

ಐಕ್ಯಕ್ಕೂ ಬೆಲೆ ತೆರಬೇಕಾಯಿತು. ನಂದ್ಯಾಲದ ಕಡೆಯ ಆಂಗ್ಲಿಕನರು ಅನೇಕರು ಹೊರಗೇ ಉಳಿದರು. 1948ರಲ್ಲಿ ಲ್ಯಾಂಬೆತ್ತಿನಲ್ಲಿ ನೆರೆದ ಆಂಗ್ಲಿಕನ್ ಬಿಷಪರು ಹೊಸ ಸಭೆಗೆ ಪೂರ್ಣ ಸಹಭಾಗಿತ್ವವನ್ನು ನೀಡಲಿಲ್ಲ. ನೆರೆಮನೆಯವರೊಡನೆ ಕೂಡಿದ ತಪ್ಪಿಗೆ ತವರುಮನೆಯ ಬಾಗಿಲು ಅರೆಮುಚ್ಚಿದಂತಾಯಿತು. ಆದರೂ ಐಕ್ಯ ಮುರಿದುಬೀಳಲಿಲ್ಲ. ನಿನ್ನೆಯವರೆಗೆ ಬೇರೆ ಬೇರೆ ಗುಡಿಗಳಲ್ಲಿ ಕರ್ತನ ಭೋಜನಕ್ಕೆ ಕುಳಿತವರು ಒಂದೇ ಪಂಕ್ತಿಗೆ ಬಂದರು. ಬೀಗರ ಜಗಳ ಬೀಗರಿಗೇ ಉಳಿಯಿತು.