ಬಹುರೂಪಿ ವಿಷಾಣು

ಪುಷ್ಯಮಾಸದಲ್ಲಿ ಕೊಪ್ಪಳದ ಗವಿಮಠದ ಮಹಾರಥೋತ್ಸವಕ್ಕೆಂದು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಗಳಿಂದ ಜನಸಮುದಾಯ ನೆರೆಯುವ ಕಾಲವೂ, ಜನವರಿಯಿಂದ ಮಾರ್ಚಿಯವರೆಗೆ ನಮ್ಮ ದೇಶದಲ್ಲಿ ಫ್ಲೂ ಜ್ವರ ಉಲ್ಬಣಿಸುವ ಕಾಲವೂ ಬಹುಮಟ್ಟಿಗೆ ಒಂದೇ. ಮಳೆಗಾಲದಲ್ಲಿ, ತುಂಗಭದ್ರೆಯ ಎಡದಂಡೆ ಕಾಲುವೆಯ ಗದ್ದೆಗಳಿಗೆ ಭತ್ತದ ನಾಟಿಗಾಗಿ ಹೆಣ್ಣಾಳುಗಳು ಟಂಟಂಗಳಲ್ಲಿ ಒತ್ತೊತ್ತಾಗಿ ಕುಳಿತು ಸಾಗುವ ವೇಳೆಗೆ, ಅದು ಮತ್ತೊಮ್ಮೆ ತಲೆಯೆತ್ತುತ್ತದೆ.

ಮನುಷ್ಯರಲ್ಲಿ ಈ ಜ್ವರವನ್ನುಂಟುಮಾಡುವ ವಿಷಾಣುವನ್ನು ಲಂಡನ್ನಿನ ವಿಜ್ಞಾನಿಗಳು ಮೊದಲು ಬೇರ್ಪಡಿಸಿದ್ದು 1933ರಲ್ಲಿ. ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನಷ್ಟು ಸೂಕ್ಷ್ಮವಾದ ಈ ಕಣದ ಒಳಗೆ ಆರ್‌ಎನ್‌ಎ ಎಂಬ ಆನುವಂಶಿಕ ದ್ರವ್ಯದ 8 ತುಂಡುಗಳು; ಹೊರಗೆ ಮೇದಸ್ಸಿನ ತೆಳುಪೊರೆ; ಆ ಪೊರೆಯ ಮೇಲೆ ಎರಡು ಬಗೆಯ ಪ್ರೋಟೀನು ಮುಳ್ಳುಗಳು. ಒಂದು ಬಗೆಯದು ನಮ್ಮ ಶ್ವಾಸನಾಳದ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು, ಆ ಕೋಶದಲ್ಲಿ ಹುಟ್ಟಿದ ಹೊಸ ಸಂತತಿಯನ್ನು ಬಿಡಿಸಿ ಹೊರಗೆ ಕಳುಹುತ್ತದೆ. ತನ್ನ ಪ್ರತಿಯನ್ನು ರಚಿಸುವಾಗ ಆಗುವ ತಪ್ಪುಗಳನ್ನು ತಿದ್ದಿಕೊಳ್ಳುವ ವ್ಯವಸ್ಥೆ ವಿಷಾಣುವಿಗಿಲ್ಲವಾದುದರಿಂದ ಈ ಮುಳ್ಳುಗಳ ಆಕಾರ ಮೆಲ್ಲಮೆಲ್ಲನೆ ಮಾರ್ಪಡುತ್ತ ಹೋಗಿ, ಹೋದ ವರ್ಷ ಜ್ವರದಿಂದ ಎದ್ದ ದೇಹವೂ ಈ ವರ್ಷ ಅದರ ಗುರುತನ್ನು ಸರಿಯಾಗಿ ಹಿಡಿಯಲಾರದು. ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ 2 ಸಲ ಲಸಿಕೆಯ ಘಟಕಗಳನ್ನು ಪರಿಶೀಲಿಸುವುದೂ, ನಾವು ವರ್ಷಂಪ್ರತಿ ಲಸಿಕೆ ಹಾಕಿಸಿಕೊಳ್ಳಬೇಕಾದುದೂ ಆದಕಾರಣವೇ.

ಸೋಂಕಿದವನಿಗೆ ಮೈಕೈನೋವು, ಜ್ವರ ಕಾಣಿಸುವುದಕ್ಕೆ ಒಂದು ದಿನ ಮೊದಲೇ ಅವನ ಉಸಿರಿನಿಂದ ವಿಷಾಣು ಹೊರಬೀಳತೊಡಗಿ, ಅನಂತರವೂ 5ರಿಂದ 7 ದಿನ ಹಬ್ಬುತ್ತಿರುತ್ತದೆ. ಮನೆಯ ಕೂಸಿನ ಮತ್ತು ಮುದುಕರ ರಕ್ಷಣೆಯು ಗಟ್ಟಿಮುಟ್ಟಾದವರ ವಿವೇಕವನ್ನು ಆಶ್ರಯಿಸಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. 6 ತಿಂಗಳು ತುಂಬದ ಕೂಸಿಗೆ ಈ ಲಸಿಕೆ ಹಾಕುವಂತಿಲ್ಲ. ಆದರೆ ಬಸುರಿಯಾಗಿದ್ದಾಗ ತಾಯಿ ಹಾಕಿಸಿಕೊಂಡರೆ ಅವಳಲ್ಲಿ ಹುಟ್ಟಿದ ಪ್ರತಿಕಾಯಗಳು ಗರ್ಭದಲ್ಲಿಯೇ ಮಗುವಿಗೆ ದೊರೆತು, ಹುಟ್ಟಿದ ಮೇಲೆ ಕೆಲವು ತಿಂಗಳು ಅದನ್ನು ಕಾಯುತ್ತವೆ. ಎಣ್ಣೆಯ ಬಟ್ಟಲಿನ ಜಿಡ್ಡನ್ನು ಬಿಡಿಸುವ ಸಾಬೂನೇ ವಿಷಾಣುವಿನ ಮೇದಸ್ಸಿನ ಪೊರೆಯನ್ನೂ ಒಡೆಯುವುದರಿಂದ, ಹೊರಗಿನಿಂದ ಬಂದವರು ಕೂಸನ್ನೆತ್ತಿಕೊಳ್ಳುವ ಮುನ್ನ 20 ಸೆಕೆಂಡು ಕೈ ತಿಕ್ಕಿ ತೊಳೆಯಬೇಕು. ಕೆಮ್ಮುವವರು ಬಾಯಿಗೆ ಬಟ್ಟೆ ಹಿಡಿಯಬೇಕು. ಕಿಟಕಿಗಳನ್ನು ತೆರೆದಿಟ್ಟು ಗಾಳಿಯಾಡಗೊಡಬೇಕು.

ಜ್ವರ ಬಂದಾಗ ವಿಶ್ರಾಂತಿಯೂ ಸಾಕಷ್ಟು ನೀರು, ಗಂಜಿಗಳೂ ಬಹುಜನರಿಗೆ ಸಾಕು. ಆ್ಯಂಟಿಬಯಾಟಿಕ್ ಗುಳಿಗೆಗಳು ವಿಷಾಣುವಿನ ಮೇಲೆ ನಡೆಯವು. ಮಕ್ಕಳಿಗೆ ಆಸ್ಪಿರಿನ್ ಸರ್ವಥಾ ಸಲ್ಲದು. ವಿಷಾಣುವನ್ನೇ ತಡೆಯುವ ಔಷಧಿಯು ಮೊದಲ 48 ಗಂಟೆಗಳಲ್ಲಿ ಆರಂಭವಾದರೆ ಹೆಚ್ಚು ಫಲ ಕೊಡುತ್ತದೆಯಾದ್ದರಿಂದ ಬಸುರಿಯರು, ಹಸುಳೆಗಳು, ವೃದ್ಧರು, ಉಬ್ಬಸ ಅಥವಾ ಸಕ್ಕರೆ ಕಾಯಿಲೆಯುಳ್ಳವರು ಜ್ವರ ತಾನಾಗಿ ಇಳಿಯಲೆಂದು ಕಾಯದೆ ಮೊದಲ ದಿನವೇ ವೈದ್ಯರನ್ನು ಕಾಣಬೇಕು; ಏದುಸಿರು ಬಂದರಂತೂ ಯಾರೇ ಆಗಲಿ ಒಡನೆಯೇ ಆಸ್ಪತ್ರೆ ಸೇರಬೇಕು.